ಶಾಸನ ಪಿತಾಮಹ ಬಿ. ಎಲ್. ರೈಸ್

ನಮ್ಮ ನಾಡಿನ ಹಳೆಯ ಊರುಗಳಲ್ಲಿ ಕೆರೆಯ ಏರಿಯ ಮೇಲೋ, ದೇವಾಲಯದ ಅಂಗಳದಲ್ಲೋ, ಹೊಲದ ಬದುವಿನಲ್ಲೋ ಅಕ್ಷರಗಳನ್ನು ಕೆತ್ತಿದ ಕಲ್ಲೊಂದು ನಿಂತಿರುವುದನ್ನು ಕಾಣುತ್ತೇವೆ. ಕೆಲವು ಊರುಗಳಲ್ಲಿ ಅದಕ್ಕೆ ಅರಿಶಿನ ಕುಂಕುಮಗಳನ್ನು ಹಚ್ಚಿ ಪೂಜಿಸುತ್ತಾರೆ. ಕೆಲವು ಕಡೆ ಅದೇ ಕಲ್ಲನ್ನು ಮಲಗಿಸಿ ಬಟ್ಟೆ ಒಗೆಯುವ ಬಂಡೆಯಾಗಿ ಮಾಡಿಕೊಂಡಿರುತ್ತಾರೆ. ಅದರ ಕೆಳಗೆ ನಿಧಿ ಇದೆಯೆಂದು ನಂಬಿ ಕತ್ತಲೆಯಲ್ಲಿ ಅಗೆಯುವವರೂ ಉಂಟು. ಪೂಜಿಸುವವರಿಗಾಗಲಿ, ಅದರ ಮೇಲೆ ಬಟ್ಟೆ ಬಡಿಯುವವರಿಗಾಗಲಿ, ಅದನ್ನು ಅಗೆದು ಕೆಡಹುವವರಿಗಾಗಲಿ ಆ ಕಲ್ಲು ಏನನ್ನು ಹೇಳುತ್ತಿದೆ ಎಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ವಸ್ತುಸಂಗ್ರಹಾಲಯವೆಂದರೆ ದೊಡ್ಡ ಪಟ್ಟಣದಲ್ಲಿರುವ ದೊಡ್ಡ ಕಟ್ಟಡ, ಅದರೊಳಗೆ ಗಾಜಿನ ಪೆಟ್ಟಿಗೆಗಳು ಎಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ಊರೂ ಒಂದು ವಸ್ತುಸಂಗ್ರಹಾಲಯವೇ. ಅದಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಕಾವಲುಗಾರನಿಲ್ಲ. ಅದರಲ್ಲಿರುವ ವಸ್ತುಗಳಿಗೆ ಒಂದು ಪಟ್ಟಿಯೂ ಇಲ್ಲದ ಕಾಲದಲ್ಲಿ, ಊರೂರು ಅಲೆದು, ಅಲೆಸಿ, ಒಂದೊಂದು ಕಲ್ಲಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಅದರ ಬರಹವನ್ನು ಓದಿ, ಅಚ್ಚುಮಾಡಿಸಿ ನಮ್ಮ ಕೈಗಿತ್ತ ಮಹನೀಯರೊಬ್ಬರು ಇದ್ದರು. ಅವರೇ ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಗೌರವದಿಂದ ಕರೆಯುತ್ತಾರೆ.

ರೈಸ್ ಅವರು ೧೮೩೭ರ ಜುಲೈ ೧೭ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ತಂದೆಯ ಹೆಸರೂ ಬೆಂಜಮಿನ್ ರೈಸ್ ಎಂದೇ. ತಂದೆಯವರು ಲಂಡನ್ ಮಿಷನ್ ಸಂಸ್ಥೆಯ ಪಾದ್ರಿಗಳು. ಮಗ ಹುಟ್ಟಿದ ವರ್ಷವೇ ಬೆಂಗಳೂರಿಗೆ ಬಂದು ನೆಲಸಿದ ಅವರು ೧೮೮೭ರಲ್ಲಿ ತಾವು ತೀರಿಕೊಳ್ಳುವವರೆಗೂ, ಎಂದರೆ ಅರ್ಧ ಶತಮಾನ ಕಾಲ, ಈ ನಾಡಿನಲ್ಲಿಯೇ ಬಾಳಿದರು. ಕನ್ನಡವನ್ನು ಚೆನ್ನಾಗಿ ಕಲಿತು ಅದರಲ್ಲಿ ಮಾತನಾಡುವುದನ್ನೂ ಬರೆಯುವುದನ್ನೂ ರೂಢಿಸಿಕೊಂಡರು. ಹೀಗಾಗಿ ಮಗನಿಗೆ ಕನ್ನಡವು ಪುಸ್ತಕದಿಂದ ಕಲಿತ ಪರಭಾಷೆಯಾಗಿರಲಿಲ್ಲ. ಬೆಂಗಳೂರಿನ ಬೀದಿಯಲ್ಲಿ ಬಾಲ್ಯದಿಂದಲೇ ಕಿವಿಗೆ ಬಿದ್ದ ನುಡಿಯಾಗಿತ್ತು. ತಮ್ಮನಾದ ಎಡ್ವರ್ಡ್ ಪೀಟರ್ ರೈಸ್ ಕೂಡ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಹೆಸರಾದರು. ಒಂದೇ ಮನೆಯ ತಂದೆ ಮಕ್ಕಳು ಮೂವರೂ ಕನ್ನಡಕ್ಕಾಗಿ ದುಡಿದುದು ವಿಶೇಷವಾದ ಸಂಗತಿ.

ಆ ಕಾಲದ ಪದ್ಧತಿಯಂತೆ ರೈಸ್ ಅವರು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದರು. ಪದವಿಯನ್ನು ಪಡೆದು ೧೮೬೦ರಲ್ಲಿ ತಾವು ಹುಟ್ಟಿದ ಊರಿಗೆ ಹಿಂದಿರುಗಿ, ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಪ್ರಸಿದ್ಧವಾದುದು ಈ ಶಾಲೆಯೇ. ಆಗ ಅವರಿಗೆ ಇಪ್ಪತ್ತಮೂರು ವರ್ಷ ವಯಸ್ಸು. ಐದು ವರ್ಷಗಳ ನಂತರ, ೧೮೬೫ರಲ್ಲಿ, ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ತನಿಖಾಧಿಕಾರಿಯಾಗಿ ನೇಮಕಗೊಂಡರು. ೧೮೬೮ರಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರ ಹೊಣೆಯೂ ಅವರ ಮೇಲೆ ಬಂದಿತು. ಹೋಬಳಿಗೆ ಒಂದರಂತೆ ಶಾಲೆಯನ್ನು ತೆರೆದು, ಹಳ್ಳಿಯ ಮಕ್ಕಳಿಗೆ ಅವರ ತಾಯ್ನುಡಿಯಲ್ಲೇ ಓದು ಬರಹ ಕಲಿಸಬೇಕೆಂಬ ಯೋಜನೆಗೆ ರೂಪ ಕೊಟ್ಟವರಲ್ಲಿ ಅವರು ಪ್ರಮುಖರು. ೧೮೮೨ರಲ್ಲಿ ಇಡೀ ದೇಶದ ಶಿಕ್ಷಣದ ಸ್ಥಿತಿಯನ್ನು ವಿಚಾರಿಸಲು ನೇಮಕವಾದ ಹಂಟರ್ ಆಯೋಗಕ್ಕೆ ಕಾರ್ಯದರ್ಶಿಯಾಗಿಯೂ ಅವರು ಕೆಲಸಮಾಡಿದರು. ಅಷ್ಟರಿಂದಲೇ ಅವರ ಹೆಸರು ನಾಡಿನ ಶಿಕ್ಷಣದ ಇತಿಹಾಸದಲ್ಲಿ ಉಳಿಯುತ್ತಿತ್ತು. ಆದರೆ ಅವರಿಗಾಗಿ ಇನ್ನೊಂದು ದೊಡ್ಡ ಕೆಲಸ ಕಾದಿತ್ತು.

ಶಾಲೆಗಳ ತನಿಖೆ ಎಂದರೆ ಆ ದಿನಗಳಲ್ಲಿ ಸುಲಭವಾದ ಕೆಲಸವಲ್ಲ. ಮೋಟಾರು ವಾಹನಗಳಿರಲಿಲ್ಲ, ಹಳ್ಳಿಗಳಿಗೆ ಒಳ್ಳೆಯ ರಸ್ತೆಗಳಿರಲಿಲ್ಲ. ಕುದುರೆಯ ಮೇಲೆ ಊರಿಂದ ಊರಿಗೆ ಪಯಣಿಸಿ, ಗುಡಾರ ಹಾಕಿಕೊಂಡು ತಂಗಬೇಕಾಗಿತ್ತು. ಹೀಗೆ ಸಂಚರಿಸುವಾಗ ರೈಸ್ ಅವರ ಕಣ್ಣಿಗೆ ಹೆಜ್ಜೆ ಹೆಜ್ಜೆಗೂ ಬರಹದ ಕಲ್ಲುಗಳು ಬಿದ್ದವು. ಇವುಗಳಲ್ಲಿ ಏನಿರಬಹುದೆಂಬ ಕುತೂಹಲ ಅವರಲ್ಲಿ ಮೂಡಿತು. ಬೇರೆಯವರು ನೋಡಿಯೂ ನೋಡದೆ ದಾಟಿ ಹೋದ ಕಲ್ಲಿನ ಮುಂದೆ ಅವರು ಕುದುರೆಯಿಂದಿಳಿದು ನಿಂತರು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಮುಖ್ಯ ಕಾರ್ಯ ನಡೆಯಿತು. ವೈದ್ಯರೂ ಬಹುಶಾಸ್ತ್ರ ಪಂಡಿತರೂ ಆಗಿದ್ದ ಎಡ್ವರ್ಡ್ ಬಾಲ್ಫರ್ ಅವರ ಪ್ರಯತ್ನದಿಂದ ೧೮೬೫ರಲ್ಲಿ ಒಂದು ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. ಇವರೇ ೧೮೫೧ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೂ ಅಡಿಗಲ್ಲು ಹಾಕಿದವರು. ಮೊದಲು ದಂಡಿನ ಪ್ರದೇಶದಲ್ಲಿದ್ದ ಬೆಂಗಳೂರಿನ ಸಂಗ್ರಹಾಲಯಕ್ಕೆ ರಿಚರ್ಡ್ ಸ್ಯಾಂಕಿ ಅವರ ಯೋಜನೆಯಂತೆ ಕಬ್ಬನ್ ಉದ್ಯಾನದ ಅಂಚಿನಲ್ಲಿ ಈಗಿರುವ ಕೆಂಪು ಕಟ್ಟಡವು ೧೮೭೭ರಲ್ಲಿ ಸಿದ್ಧವಾಯಿತು. ನಾಡಿನ ಖನಿಜಗಳು, ಶಿಲೆಗಳು, ಪ್ರಾಣಿಪಕ್ಷಿಗಳ ಮಾದರಿಗಳು, ನಾಣ್ಯಗಳು, ಶಿಲ್ಪಗಳು ಮೊದಲಾದುವು ಒಂದೇ ಸೂರಿನಡಿ ನೆಲೆ ಕಂಡವು. ಒಂದು ಪ್ರದೇಶದ ನಿಸರ್ಗವನ್ನೂ ಅಲ್ಲಿ ಬಾಳಿದ ಜನರ ಇತಿಹಾಸವನ್ನೂ ಒಟ್ಟಿಗೆ ನೋಡಬೇಕು ಎಂಬುದು ಇಂಥ ಸಂಗ್ರಹಾಲಯದ ಹಿಂದಿನ ತತ್ತ್ವ.

ರೈಸ್ ಅವರು ಇದೇ ಕೆಲಸವನ್ನು ಗ್ರಂಥರೂಪದಲ್ಲಿ ಮಾಡಿದರು. ಸರ್ಕಾರದ ಆದೇಶದಂತೆ ಅವರು ಸಿದ್ಧಪಡಿಸಿದ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ೧೮೭೭-೭೮ರ ವೇಳೆಗೆ ಮೂರು ಸಂಪುಟಗಳಲ್ಲಿ ಹೊರಬಂದಿತು. ಬೆಟ್ಟ, ನದಿ, ಮಣ್ಣು, ಮರ, ಮೃಗ, ಮಳೆ, ಬೆಳೆ, ಜನ, ಜಾತ್ರೆ, ರಾಜವಂಶ, ತಾಲ್ಲೂಕು, ಪಟ್ಟಣ ಎಲ್ಲದರ ವಿವರಗಳೂ ಅದರಲ್ಲಿ ಅಡಕವಾಗಿವೆ. ಅದರ ಪರಿಷ್ಕೃತ ಆವೃತ್ತಿ ೧೮೯೭ರಲ್ಲಿ ಪ್ರಕಟವಾಯಿತು. ಗೆಜೆಟಿಯರಿನ ಇತಿಹಾಸ ಭಾಗವನ್ನು ಬರೆಯುವಾಗ ಅವರಿಗೆ ಒಂದು ಕೊರತೆ ಎದ್ದು ಕಂಡಿತು. ಜನರು ಹೇಳುವ ಕಥೆಗಳಿದ್ದವು, ಪುರಾಣಗಳಿದ್ದವು. ಆದರೆ ಯಾವ ಅರಸನು ಯಾವ ವರ್ಷ ಎಲ್ಲಿ ಆಳಿದನೆಂದು ಖಚಿತವಾಗಿ ಹೇಳುವ ಆಧಾರಗಳು ಕಡಿಮೆ. ಆ ಆಧಾರಗಳು ಎಲ್ಲಿವೆಯೆಂಬುದು ಅವರಿಗೆ ತಿಳಿದಿತ್ತು. ಅವು ಊರೂರಿನ ಹೊಲಗಳಲ್ಲಿ ಬಿಸಿಲಿಗೆ ಮಳೆಗೆ ಮೈಯೊಡ್ಡಿ ನಿಂತಿದ್ದವು.

ಇದಕ್ಕೆ ಮೊದಲೇ, ೧೮೬೫ರ ಸುಮಾರಿಗೆ, ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸರ್ಕಾರದ ಅಪ್ಪಣೆಯಂತೆ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಆದರೆ ಅವುಗಳನ್ನು ಓದಿ ಅರ್ಥ ಹೇಳುವವರಿರಲಿಲ್ಲ. ಆ ಚಿತ್ರಗಳನ್ನು ಓದುವ ಕಾರ್ಯ ರೈಸ್ ಅವರ ಪಾಲಿಗೆ ಬಂದಿತು. ತಾವು ಸಂಗ್ರಹಿಸಿದ್ದ ಇತರ ಶಾಸನಗಳನ್ನೂ ಅವುಗಳೊಡನೆ ಸೇರಿಸಿ, ಇಂಗ್ಲಿಷ್ ಅನುವಾದದೊಂದಿಗೆ ೧೮೭೯ರಲ್ಲಿ ಮೈಸೂರು ಶಾಸನಗಳ ಒಂದು ಗ್ರಂಥವನ್ನು ಅವರು ಪ್ರಕಟಿಸಿದರು. ಮುಂದಿನ ಮಹಾಕಾರ್ಯಕ್ಕೆ ಇದು ನಾಂದಿಯಾಯಿತು.

ಶಾಸನವನ್ನು ಓದುವುದು ಎಷ್ಟು ಕಷ್ಟವೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಸಾವಿರ ವರ್ಷಗಳ ಹಿಂದಿನ ಕನ್ನಡ ಲಿಪಿ ಇಂದಿನ ಲಿಪಿಯಂತಿಲ್ಲ. ಭಾಷೆಯೂ ಹಳಗನ್ನಡ, ಕೆಲವೊಮ್ಮೆ ಸಂಸ್ಕೃತ. ಬೆಂಗಳೂರು, ಕೋಲಾರ ಸೀಮೆಗಳಲ್ಲಿ ತಮಿಳು, ತೆಲುಗು ಶಾಸನಗಳೂ ಬಹಳವಾಗಿವೆ. ಕಲ್ಲು ಸವೆದಿರುತ್ತದೆ, ಒಡೆದಿರುತ್ತದೆ, ಅರ್ಧ ಮಣ್ಣಿನಲ್ಲಿ ಹೂತಿರುತ್ತದೆ. ಮೊದಲು ಸುತ್ತಲಿನ ಮಣ್ಣನ್ನು ತೆಗೆದು, ಕಲ್ಲನ್ನು ತೊಳೆದು, ಪಾಚಿಯನ್ನು ಉಜ್ಜಿ ತೆಗೆಯಬೇಕು. ಬಳಿಕ ಒದ್ದೆ ಮಾಡಿದ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಹದವಾಗಿ ಬಡಿದರೆ ಕಾಗದವು ಅಕ್ಷರಗಳ ತಗ್ಗಿನೊಳಕ್ಕೆ ಇಳಿಯುತ್ತದೆ. ಅನಂತರ ಮಸಿ ಸವರಿದರೆ ತಗ್ಗಿನಲ್ಲಿರುವ ಅಕ್ಷರಗಳು ಬಿಳಿಯಾಗಿ ಉಳಿದು, ಸುತ್ತಲಿನ ಭಾಗ ಕಪ್ಪಾಗುತ್ತದೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಗಾಳಿ ಬೀಸಿದರೆ ಕಾಗದ ಹಾರುತ್ತದೆ. ಮಳೆ ಬಂದರೆ ಇಡೀ ದಿನದ ಶ್ರಮ ನೀರುಪಾಲಾಗುತ್ತದೆ.

ಜನರ ಮನಸ್ಸನ್ನು ಗೆಲ್ಲುವುದು ಇನ್ನೂ ಕಷ್ಟದ ಕೆಲಸ. ಸರ್ಕಾರದ ಕಡೆಯವರು ಬಂದು ಕಲ್ಲಿನ ಸುತ್ತ ಅಗೆಯುತ್ತಿದ್ದರೆ ನಿಧಿಯನ್ನು ಹುಡುಕುತ್ತಿದ್ದಾರೆಂದು ಊರಿನವರು ಶಂಕಿಸುವುದು ಸಹಜ. ತಾಮ್ರಶಾಸನಗಳಂತೂ ಮನೆತನಗಳ ಪೆಟ್ಟಿಗೆಯೊಳಗೆ ಭದ್ರವಾಗಿರುತ್ತಿದ್ದವು. ಅವುಗಳಲ್ಲಿ ಬರೆದಿರುವುದು ಭೂಮಿಯ ದಾನ. ಹೊರಗೆ ತೋರಿಸಿದರೆ ಜಮೀನಿಗೆ ಏನಾದರೂ ತೊಡಕು ಬಂದೀತೆಂಬ ಭಯ ಯಾರಿಗಾದರೂ ಇದ್ದೇ ಇರುತ್ತದೆ. ಇಂಥ ಸಂದೇಹಗಳ ನಡುವೆ ಕೆಲಸ ಸಾಗಬೇಕಾದರೆ ತಾಳ್ಮೆ ಬೇಕು, ಜನರ ಭಾಷೆ ಬರಬೇಕು, ಅವರಲ್ಲಿ ಗೌರವವಿರಬೇಕು.

ಈ ಕಾರ್ಯವನ್ನು ರೈಸ್ ಅವರು ಒಬ್ಬರೇ ಮಾಡಿದರೆಂದು ಹೇಳಿದರೆ ತಪ್ಪಾಗುತ್ತದೆ. ಹಳ್ಳಿಹಳ್ಳಿಗೆ ಹೋಗಿ ಪ್ರತಿ ಮಾಡಿಕೊಂಡು ಬಂದವರು, ಹಳಗನ್ನಡದ ಕಠಿಣ ಪದಗಳಿಗೆ ಅರ್ಥ ಹೇಳಿದವರು, ಸಂಸ್ಕೃತ ಶ್ಲೋಕಗಳನ್ನು ಬಿಡಿಸಿದವರು ನಮ್ಮ ನಾಡಿನ ಪಂಡಿತರು. ಅವರಲ್ಲಿ ಹಲವರ ಹೆಸರನ್ನು ಇಂದು ಸಾಮಾನ್ಯ ಓದುಗರು ಅರಿಯರು. ಯೋಗ್ಯರನ್ನು ಆರಿಸಿ, ಅವರಿಗೆ ಕೆಲಸ ಹಂಚಿ, ಬಂದ ಪ್ರತಿಗಳನ್ನು ಒರೆಗೆ ಹಚ್ಚಿ, ಒಂದು ಕ್ರಮಕ್ಕೆ ತಂದುದು ರೈಸ್ ಅವರ ಹಿರಿಮೆ. ೧೮೯೯ರಲ್ಲಿ ಅವರ ಸಹಾಯಕರಾಗಿ ಬಂದ ಆರ್. ನರಸಿಂಹಾಚಾರ್ಯರು ಮುಂದೆ ಅವರ ಸ್ಥಾನಕ್ಕೇ ಏರಿ, ಕರ್ಣಾಟಕ ಕವಿಚರಿತೆಯನ್ನು ಬರೆದ ಮಹಾವಿದ್ವಾಂಸರೆನಿಸಿದರು.

೧೮೮೫ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಮೊದಲು ಇತರ ಹೊಣೆಗಳೊಡನೆ ಅದನ್ನು ನೋಡಿಕೊಳ್ಳುತ್ತಿದ್ದ ರೈಸ್ ಅವರು ೧೮೯೦ರಿಂದ ಪೂರ್ಣಕಾಲ ಅದರ ನಿರ್ದೇಶಕರಾದರು. ಅಲ್ಲಿಂದ ಮುಂದಿನ ಹದಿನಾರು ವರ್ಷಗಳು ಕರ್ನಾಟಕದ ಇತಿಹಾಸ ಸಂಶೋಧನೆಯ ಸುವರ್ಣಕಾಲವೆಂದರೆ ತಪ್ಪಿಲ್ಲ.

೧೮೯೨ರಲ್ಲಿ ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅವರು ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಕುರಿ ಮೇಯಿಸುವವರು ದಿನವೂ ಹತ್ತಿಳಿಯುತ್ತಿದ್ದ ಬಂಡೆಗಳ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಬ್ರಾಹ್ಮೀ ಅಕ್ಷರಗಳಿದ್ದವು. ತಾಯಿತಂದೆಗಳನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎಂಬ ಅಶೋಕನ ಬೋಧೆ ಅವುಗಳಲ್ಲಿದೆ. ಮೌರ್ಯರ ಆಳ್ವಿಕೆ ಕನ್ನಡ ನಾಡಿನವರೆಗೂ ಹಬ್ಬಿತ್ತೆಂಬುದು ಇದರಿಂದ ಸ್ಥಿರಪಟ್ಟಿತು. ನಮ್ಮ ನಾಡಿನ ಲಿಖಿತ ಇತಿಹಾಸವು ಒಮ್ಮೆಗೇ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದಕ್ಕೆ ಹೋಯಿತು. ಎರಡು ವರ್ಷಗಳ ಬಳಿಕ, ೧೮೯೪ರಲ್ಲಿ, ಶಿವಮೊಗ್ಗ ಸೀಮೆಯ ತಾಳಗುಂದದ ಕಂಬದ ಮೇಲಿನ ಶಾಸನವನ್ನು ಅವರು ಕಂಡುಹಿಡಿದರು. ಕಂಚಿಗೆ ವಿದ್ಯಾರ್ಥಿಯಾಗಿ ಹೋಗಿ, ಅವಮಾನಿತನಾಗಿ, ಕತ್ತಿಯನ್ನು ಹಿಡಿದು ಕದಂಬ ರಾಜ್ಯವನ್ನು ಕಟ್ಟಿದ ಮಯೂರಶರ್ಮನ ಕಥೆ ನಮಗೆ ತಿಳಿದುಬಂದುದು ಆ ಕಂಬದಿಂದಲೇ.

ಶಾಸನಗಳಲ್ಲಿ ಅರಸರ ಕಥೆಗಳು ಮಾತ್ರವೇ ಇರುವುದಿಲ್ಲ. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೋಡಿರಿ. ಅದರ ಕಾಲ ಕ್ರಿ. ಶ. ೯೪೯-೫೦. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧ ನಡೆದಾಗ ಕೃಷ್ಣನ ಕಡೆಯಲ್ಲಿ ಹೋರಾಡಿದವನು ಗಂಗ ಬೂತುಗ. ಅವನ ಸೇವಕನಾದ ಮಣಲೆರನು ಆ ಯುದ್ಧದಲ್ಲಿ ಮಹಾಶೌರ್ಯವನ್ನು ತೋರಿದನು. ಮೆಚ್ಚಿದ ಒಡೆಯನು ಬೇಕಾದುದನ್ನು ಕೇಳಿಕೋ ಎಂದಾಗ ಮಣಲೆರನು ಹೊನ್ನನ್ನು ಕೇಳಲಿಲ್ಲ, ನಾಡನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತುಬಿದ್ದವು. ಮಣಲೆರನು ತನ್ನ ನಾಯಿಯ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟನು. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನ ಮೇಲಿದೆ. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ೧೮೯೪ರಲ್ಲಿ ಇದನ್ನು ಪ್ರಕಟಿಸಿದರು. ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ತಂದಿರಿಸಲಾಯಿತು.

ಹಾಗಾದರೆ ಎಲ್ಲ ಕಲ್ಲುಗಳನ್ನೂ ವಸ್ತುಸಂಗ್ರಹಾಲಯಕ್ಕೆ ತರಬಹುದಾಗಿತ್ತಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಅದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಸಾವಿರಾರು ಕಲ್ಲುಗಳನ್ನು ಇರಿಸಲು ಯಾವ ಕಟ್ಟಡವೂ ಸಾಲದು. ಅಲ್ಲದೆ, ಕೆರೆಯ ಶಾಸನವು ಕೆರೆಯ ಬಳಿಯೇ ಇರಬೇಕು. ಗಡಿಯ ಕಲ್ಲು ಗಡಿಯಲ್ಲೇ ನಿಲ್ಲಬೇಕು. ಊರಿಗಾಗಿ ಮಡಿದ ವೀರನ ಕಲ್ಲು ಆ ಊರಿನ ಮಕ್ಕಳ ಕಣ್ಣೆದುರಿಗಿರಬೇಕು. ತನ್ನ ನೆಲೆಯಿಂದ ಕಿತ್ತ ಕಲ್ಲು ತಾನು ಹೇಳುವ ಮಾತಿನ ಅರ್ಧವನ್ನು ಕಳೆದುಕೊಳ್ಳುತ್ತದೆ. ರೈಸ್ ಅವರು ಈ ಸಮಸ್ಯೆಗೆ ಸೊಗಸಾದ ಪರಿಹಾರವನ್ನು ಕಂಡುಕೊಂಡರು. ಕಲ್ಲು ಊರಿನಲ್ಲಿಯೇ ಇರಲಿ. ಅದರ ಬರಹ ಪುಸ್ತಕಕ್ಕೆ ಬರಲಿ.

ಎಪಿಗ್ರಾಫಿಯ ಕರ್ನಾಟಿಕ ಎಂಬ ಮಹಾ ಗ್ರಂಥಮಾಲೆ ಹುಟ್ಟಿದುದು ಹೀಗೆ. ೧೮೮೬ರಲ್ಲಿ ಕೊಡಗಿನ ಶಾಸನಗಳ ಸಂಪುಟ ಬಂದಿತು. ೧೮೮೯ರಲ್ಲಿ ಶ್ರವಣಬೆಳಗೊಳದ ಸಂಪುಟ ಹೊರಬಿದ್ದಿತು. ಬಳಿಕ ಮೈಸೂರು, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗ, ತುಮಕೂರು, ಬೆಂಗಳೂರು, ಕೋಲಾರ ಜಿಲ್ಲೆಗಳ ಸಂಪುಟಗಳು ಒಂದಾದ ಮೇಲೊಂದರಂತೆ ೧೯೦೫ರ ವೇಳೆಗೆ ಪ್ರಕಟವಾದವು. ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಸೇರಿದವು. ಪ್ರತಿಯೊಂದು ತಾಲ್ಲೂಕಿಗೂ ಒಂದು ಸಂಕೇತ, ಆ ತಾಲ್ಲೂಕಿನ ಪ್ರತಿಯೊಂದು ಕಲ್ಲಿಗೂ ಒಂದು ಸಂಖ್ಯೆ, ಅದು ಯಾವ ಊರಿನಲ್ಲಿ ಯಾವ ಜಾಗದಲ್ಲಿದೆ ಎಂಬ ವಿವರ, ಅದರ ಪಾಠ, ಇಂಗ್ಲಿಷ್ ಅನುವಾದ, ಇಡೀ ಜಿಲ್ಲೆಯ ಇತಿಹಾಸವನ್ನು ಹೇಳುವ ಪೀಠಿಕೆ ಇವೆಲ್ಲ ಅದರಲ್ಲಿವೆ. ಗೋಡೆಗಳಿಲ್ಲದ ವಸ್ತುಸಂಗ್ರಹಾಲಯಕ್ಕೆ ಕೊನೆಗೂ ಒಂದು ಪಟ್ಟಿ ದೊರೆಯಿತು.

ಆ ಸಂಪುಟಗಳಲ್ಲಿ ೧೯೦೫ರ ಬೆಂಗಳೂರು ಜಿಲ್ಲೆಯ ಸಂಪುಟಕ್ಕೆ ಒಂದು ವಿಶೇಷವಿದೆ. ಅದು ರೈಸ್ ಅವರು ಹುಟ್ಟಿ ಬೆಳೆದ ಸೀಮೆಯ ಸಂಪುಟ. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಊರೂರಿನ ಕಲ್ಲುಗಳು ಅದರಲ್ಲಿ ಮಾತನಾಡುತ್ತವೆ. ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರೂಪುಗೊಂಡಾಗ ಅದರೊಳಗೆ ಬಂದ ಪ್ರದೇಶವಿದು. ನೆಲಮಂಗಲ ತಾಲ್ಲೂಕಿನ ಮಣ್ಣೆ ಎಂಬ ಹಳ್ಳಿಯನ್ನು ಇಂದು ನೋಡಿದರೆ ಅದು ಒಂದು ಕಾಲದಲ್ಲಿ ಗಂಗ ಅರಸರ ರಾಜಧಾನಿಯಾಗಿದ್ದ ಮಾನ್ಯಪುರವೆಂದು ನಂಬುವುದು ಕಷ್ಟ. ಆದರೆ ಅಲ್ಲಿಯ ತಾಮ್ರಶಾಸನಗಳು ಅದಕ್ಕೆ ಸಾಕ್ಷಿ ನುಡಿಯುತ್ತವೆ. ಕ್ರಿ. ಶ. ೭೯೭ರ ಒಂದು ಶಾಸನವು ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯದ ವಿಷಯವನ್ನು ತಿಳಿಸುತ್ತದೆ. ಐದು ವರ್ಷಗಳ ನಂತರದ, ೮೦೨ರ ಇನ್ನೊಂದು ಶಾಸನವು ರಾಷ್ಟ್ರಕೂಟರದು. ಆ ಅಲ್ಪ ಅವಧಿಯಲ್ಲಿ ಈ ಸೀಮೆಯ ಒಡೆತನ ಒಂದು ವಂಶದಿಂದ ಇನ್ನೊಂದಕ್ಕೆ ಜಾರಿದುದನ್ನು ಈ ಎರಡು ಶಾಸನಗಳನ್ನು ಒಟ್ಟಿಗಿಟ್ಟು ಓದಿದರೆ ತಿಳಿಯಬಹುದು.

ಇದೇ ಸಂಪುಟದಲ್ಲಿ ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ವೀರಗಲ್ಲೂ ಸೇರಿದೆ. ಗಂಗ ಎರೆಯಪ್ಪನ ಪರವಾಗಿ ಹೋರಾಡಿ ಮಡಿದ ನಾಗತ್ತರನೆಂಬ ವೀರನ ನೆನಪಿನ ಕಲ್ಲು ಅದು. ಆನೆ, ಕುದುರೆ, ಕಾಲಾಳುಗಳ ಘೋರ ಯುದ್ಧವನ್ನು ಶಿಲ್ಪಿ ಅದರ ಮೇಲೆ ಕಣ್ಣಿಗೆ ಕಟ್ಟುವಂತೆ ಕೆತ್ತಿದ್ದಾನೆ. ಇದನ್ನೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ರಕ್ಷಿಸಲಾಗಿದೆ. ಕೆರೆ ಕಟ್ಟಿಸಿದವರು, ತೂಬು ಇರಿಸಿದವರು, ದನಗಳನ್ನು ಕಳ್ಳರಿಂದ ಬಿಡಿಸಿ ಪ್ರಾಣ ಬಿಟ್ಟವರು, ದೇವರ ದೀಪಕ್ಕೆ ಎಣ್ಣೆಯ ವ್ಯವಸ್ಥೆ ಮಾಡಿದವರು ಮುಂತಾದ ಸಾಮಾನ್ಯ ಜನರ ಹೆಸರುಗಳನ್ನು ನಮಗೆ ಉಳಿಸಿಕೊಟ್ಟಿರುವುದು ಇಂಥ ಕಲ್ಲುಗಳೇ.

ಶಾಸನಗಳ ಜೊತೆಯಲ್ಲಿ ಹಳಗನ್ನಡ ಕಾವ್ಯಗಳನ್ನೂ ರೈಸ್ ಅವರು ಉಳಿಸಿದರು. ಓಲೆಗರಿಗಳಲ್ಲಿ ಹುಳು ತಿಂದು ಹಾಳಾಗುತ್ತಿದ್ದ ಗ್ರಂಥಗಳನ್ನು ಹುಡುಕಿಸಿ, ಪ್ರತಿಗಳನ್ನು ಹೋಲಿಸಿ, ಬಿಬ್ಲಿಯೊಥೆಕ ಕರ್ನಾಟಿಕ ಎಂಬ ಮಾಲೆಯಲ್ಲಿ ಅಚ್ಚು ಹಾಕಿಸಿದರು. ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪ ರಾಮಾಯಣ, ಪಂಪ ಭಾರತ ಮೊದಲಾದುವು ಹೀಗೆ ಬೆಳಕು ಕಂಡವು. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗವೂ ಕೆ. ಬಿ. ಪಾಠಕ್ ಅವರ ಸಂಪಾದನೆಯಲ್ಲಿ ೧೮೯೮ರಲ್ಲಿ ಇದೇ ಮಾಲೆಯಲ್ಲಿ ಪ್ರಕಟವಾಯಿತು. ನಾವು ಇಂದು ತರಗತಿಯಲ್ಲಿ ಪಂಪನನ್ನು ಓದುವಾಗ ಈ ಉಪಕಾರವನ್ನು ನೆನೆಯಬೇಕು.

ಇಷ್ಟು ದೊಡ್ಡ ಕೆಲಸದಲ್ಲಿ ದೋಷಗಳು ಇರಲಿಲ್ಲವೆಂದಲ್ಲ. ಅವಸರದಲ್ಲಿ ಮಾಡಿದ ಪ್ರತಿಗಳಲ್ಲಿ ಅಕ್ಷರಗಳು ತಪ್ಪಿವೆ. ಕೆಲವು ಕಾಲನಿರ್ಣಯಗಳನ್ನು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ಗಂಗರ ತಾಮ್ರಶಾಸನಗಳಲ್ಲಿ ಹಲವು ನಕಲಿ ಎಂದು ಫ್ಲೀಟ್ ಎಂಬ ವಿದ್ವಾಂಸರು ವಾದಿಸಿದಾಗ ರೈಸ್ ಅವರು ಅವುಗಳ ಪರವಾಗಿ ನಿಂತರು. ಆ ಚರ್ಚೆ ಬಹುಕಾಲ ನಡೆಯಿತು. ಆದರೆ ವಾದಿಸುವವರಿಗೂ ತಿದ್ದುವವರಿಗೂ ಮೊದಲು ಒಂದು ಪಾಠ ಕೈಯಲ್ಲಿರಬೇಕಷ್ಟೆ. ಆ ಪಾಠವನ್ನು ಒದಗಿಸಿದವರು ರೈಸ್ ಅವರೇ. ಶ್ರವಣಬೆಳಗೊಳದ ಸಂಪುಟವನ್ನು ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದಾಗ ೧೪೪ ಇದ್ದ ಶಾಸನಗಳ ಸಂಖ್ಯೆ ೫೦೦ಕ್ಕೆ ಏರಿತು. ಮೊದಲು ಹೆಜ್ಜೆಯಿಟ್ಟವರ ದಾರಿಯಲ್ಲಿ ಮುಂದಿನವರು ಇನ್ನಷ್ಟು ದೂರ ಹೋಗುವುದೇ ವಿದ್ಯೆಯ ಲಕ್ಷಣ.

ರೈಸ್ ಅವರು ೧೯೦೬ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಅಲ್ಲಿಯೂ ಅವರು ಸುಮ್ಮನೆ ಕೂರಲಿಲ್ಲ. ತಮ್ಮ ಜೀವಮಾನದ ಸಂಶೋಧನೆಯ ಸಾರವನ್ನೆಲ್ಲ ಹಿಂಡಿ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ೧೯೦೯ರಲ್ಲಿ ಒಂದೇ ಗ್ರಂಥವಾಗಿ ಹೊರತಂದರು. ೧೯೨೭ರ ಜುಲೈ ೧೦ರಂದು, ತೊಂಬತ್ತು ವರ್ಷ ತುಂಬಲು ಒಂದು ವಾರವಿರುವಾಗ, ಲಂಡನ್ ಸಮೀಪದ ಹ್ಯಾರೋದಲ್ಲಿ ಅವರು ನಿಧನರಾದರು. ಬೆಂಗಳೂರಿನಲ್ಲಿ ಕಣ್ಣು ತೆರೆದ ಜೀವ ಬಹುದೂರದಲ್ಲಿ ಕಣ್ಣು ಮುಚ್ಚಿತು.

ಅವರು ತೋಡಿಕೊಟ್ಟ ಕಾಲುವೆಯಲ್ಲಿ ನೀರು ಹರಿಯುವುದು ನಿಲ್ಲಲಿಲ್ಲ. ಅವರು ತೀರಿಕೊಂಡ ಒಂಬತ್ತು ವರ್ಷಗಳ ನಂತರ, ೧೯೩೬ರಲ್ಲಿ, ಎಂ. ಎಚ್. ಕೃಷ್ಣ ಅವರು ಹಲ್ಮಿಡಿಯ ಪ್ರಾಚೀನ ಕನ್ನಡ ಶಾಸನವನ್ನು ಬೆಳಕಿಗೆ ತಂದರು. ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ಪರಿಷ್ಕರಿಸಿ ಹೊರತರತೊಡಗಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದವರು ೨೦೦೧ರಲ್ಲಿ ಉತ್ಖನನ ನಡೆಸಿದಾಗ ಪ್ರಾಚೀನ ಬೌದ್ಧ ಚೈತ್ಯ ಮತ್ತು ವಿಹಾರಗಳ ಅವಶೇಷಗಳೂ, ಹರಕೆಯಾಗಿ ಅರ್ಪಿಸಿದ ಮಣ್ಣಿನ ಚಿಕ್ಕ ಸ್ತೂಪಗಳೂ ದೊರೆತವು. ಈ ಸೀಮೆಯ ಮಣ್ಣು ಹೇಳಬೇಕಾದುದನ್ನೆಲ್ಲ ಇನ್ನೂ ಹೇಳಿ ಮುಗಿಸಿಲ್ಲ.

ಆದರೆ ಸಂತೋಷದ ಜೊತೆಯಲ್ಲೇ ದುಃಖದ ಸಂಗತಿಯೂ ಇದೆ. ರೈಸ್ ಅವರ ಬೆಂಗಳೂರು ಸಂಪುಟವನ್ನು ಕೈಯಲ್ಲಿ ಹಿಡಿದು ಇಂದು ಆ ಊರುಗಳಿಗೆ ಹೋದರೆ ಹಲವು ಕಲ್ಲುಗಳು ಅಲ್ಲಿಲ್ಲ. ಪಟ್ಟಣವು ಬೆಳೆಯುತ್ತ ಬಂದಂತೆ ಹೊಲಗಳು ನಿವೇಶನಗಳಾದವು, ಕೆರೆಗಳು ಬತ್ತಿದವು, ರಸ್ತೆಗಳು ಅಗಲವಾದವು. ಆ ಗದ್ದಲದಲ್ಲಿ ಯಾವುದೋ ಕಲ್ಲು ಮೋರಿಯ ಮೇಲಿನ ಚಪ್ಪಡಿಯಾಯಿತು. ಯಾವುದೋ ಕಲ್ಲು ಒಡೆದು ಪಾಯಕ್ಕೆ ಬಿದ್ದಿತು. ಯಾವುದೋ ಕಲ್ಲು ಮಣ್ಣಿನಡಿಯಲ್ಲಿ ಹೂತುಹೋಯಿತು. ಅಂಥ ಕಲ್ಲುಗಳ ಮಾತು ಇಂದು ನಮಗೆ ಉಳಿದಿದ್ದರೆ ಅದು ರೈಸ್ ಅವರ ಪುಟಗಳಲ್ಲಿ ಮಾತ್ರ. ಅವರು ಅಂದು ಕುದುರೆಯಿಂದಿಳಿಯದಿದ್ದರೆ ಅಷ್ಟೂ ಹೆಸರುಗಳು, ಅಷ್ಟೂ ತ್ಯಾಗಗಳು, ಅಷ್ಟೂ ಊರುಗಳ ಚರಿತ್ರೆ ಹೇಳಹೆಸರಿಲ್ಲದಂತೆ ಅಳಿದುಹೋಗುತ್ತಿದ್ದವು.

ಉಳಿದ ಕಲ್ಲುಗಳನ್ನಾದರೂ ಕಾಪಾಡಬೇಕೆಂದು ಬೆಂಗಳೂರಿನ ಮಿಥಿಕ್ ಸೊಸೈಟಿಯಂಥ ಸಂಸ್ಥೆಗಳು ಶ್ರಮಿಸುತ್ತಿವೆ. ೧೯೦೯ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ೨೦೨೧ರಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಹುಡುಕಿ, ಯಂತ್ರದ ಸಹಾಯದಿಂದ ಅವುಗಳ ಉಬ್ಬು ತಗ್ಗುಗಳೆಲ್ಲ ಕಾಣುವಂತೆ ಮೂರು ಆಯಾಮದ ಪ್ರತಿಗಳನ್ನು ತೆಗೆಯುವ ಕಾರ್ಯವನ್ನು ಆರಂಭಿಸಿತು. ರೈಸ್ ಅವರ ಪಂಡಿತರು ಒದ್ದೆ ಕಾಗದದಿಂದ ಮಾಡಿದ ಕೆಲಸವನ್ನು ಇಂದು ಬೆಳಕಿನ ಕಿರಣಗಳು ಮಾಡುತ್ತಿವೆ. ಸಲಕರಣೆ ಬದಲಾಗಿದೆ, ಊರಿಗೆ ನಡೆದು ಹೋಗಿ, ಕಲ್ಲನ್ನು ಹುಡುಕಿ, ತೊಳೆದು, ಊರಿನವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳುವ ಶ್ರಮ ಬದಲಾಗಿಲ್ಲ.

ಈ ಶ್ರಮದಲ್ಲಿ ನಮಗೂ ಪಾಲುಂಟು. ನಮ್ಮ ಊರಿನ ಕಲ್ಲನ್ನು ನಾವು ಓದಲಾರೆವು, ನಿಜ. ಆದರೆ ಅದನ್ನು ಉರುಳಿಸದಂತೆ, ಅದರ ಮೇಲೆ ಬಣ್ಣ ಬಳಿಯದಂತೆ, ಅದರ ಕೆಳಗೆ ನಿಧಿಯಿಲ್ಲವೆಂದು ನಾಲ್ಕು ಜನರಿಗೆ ತಿಳಿಹೇಳುವಂತೆ ನಡೆದುಕೊಳ್ಳಬಹುದು. ಹೊಸದಾಗಿ ಒಂದು ಬರಹದ ಕಲ್ಲು ಕಣ್ಣಿಗೆ ಬಿದ್ದರೆ ಉಪಾಧ್ಯಾಯರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಬಹುದು. ರೈಸ್ ಅವರು ಮೊದಲು ಮಾಡಿದುದೂ ಇಷ್ಟೇ. ಶಾಲೆಗಳನ್ನು ನ��ಡಲು ಹೊರಟ ಅಧಿಕಾರಿ ದಾರಿಯಲ್ಲಿ ಒಂದು ಕಲ್ಲನ್ನು ಕಂಡರು. ಅದರಲ್ಲಿ ಏನಿದೆ ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಉತ್ತರವಾಗಿ ಹನ್ನೆರಡು ಸಂಪುಟಗಳು ಬೆಳೆದವು. ನಾಳೆ ಬೆಳಗ್ಗೆ ಶಾಲೆಗೆ ಬರುವ ದಾರಿಯಲ್ಲಿ ನಾವು ದಾಟಿ ಬರುವ ಕಲ್ಲು ಯಾವುದೆಂದು ಒಮ್ಮೆ ನಿಂತು ನೋಡೋಣ.